ಹಸಿರು ಚುಕ್ಕೆ ಮತ್ತು ಕೊರಿಯಾದ ತಿನಿಸು

ಮೆಣಸಿನಕಾಯಿಯ ವ್ಯಾಪಾರದಲ್ಲಿ ನಲವತ್ತು ವರ್ಷ ಕಳೆದವನಿಗೆ ಕೆಂಪು ಎಂಬುದು ಬರಿಯ ಬಣ್ಣವಲ್ಲ. ನನ್ನ ವಾಸ ವರದಾ ನದಿಯ ದಂಡೆಯ ಕರ್ಜಗಿಯಲ್ಲಿ. ವ್ಯಾಪಾರ ಬ್ಯಾಡಗಿಯ ಪೇಟೆಯಲ್ಲಿ. ಚೀಲ ಬಿಚ್ಚಿದೊಡನೆ ಇದು ಡಬ್ಬಿ, ಇದು ಕಡ್ಡಿ, ಇದು ಬೇರೆ ಸೀಮೆಯ ಮಾಲು ಎಂದು ಹೇಳಬೇಕಾದರೆ ಕಾಯಿಯನ್ನು ಮುರಿದು, ಮೂಸಿ, ಸಿಪ್ಪೆಯ ಸುಕ್ಕನ್ನು ಬೆಳಕಿಗೆ ಹಿಡಿದು ನೋಡಬೇಕಾಗುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಗುಣವೆಂದರೆ ಖಾರ ಕಡಿಮೆ, ಬಣ್ಣ ಹೆಚ್ಚು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಅದರಿಂದ ತೆಗೆದ ಓಲಿಯೊರೆಸಿನ್ ಎಂಬ ಸಾರವು ಆಹಾರಕ್ಕೆ ಬಣ್ಣವಾಗಿಯೂ ತುಟಿಗೆ ಹಚ್ಚುವ ರಂಗಾಗಿಯೂ ದೇಶಾಂತರಗಳಿಗೆ ಹೋಗುತ್ತದೆ. ಇಂಥ ಕೆಂಪನ್ನು ನಾನು ಬೆಂಗಳೂರಿನಲ್ಲಿ, ಕೊರಿಯಾ ದೇಶದ ತಿನಿಸಿನ ಬೋಗುಣಿಯೊಂದರಲ್ಲಿ ಕಂಡೆ. ಅದನ್ನು ಕುರಿತು ನಾಲ್ಕು ಮಾತು ಬರೆಯುವುದಕ್ಕೆ ಕಾರಣವಿದೆ.

ನನ್ನ ಕಿರಿಯ ಮಗಳು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾಳೆ. 2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದು ಕುಳಿತಾಗ ಅವಳಿಗೆ ಕೊರಿಯಾದ ಧಾರಾವಾಹಿಗಳ ರುಚಿ ಹತ್ತಿತು. ಆ ಕಥೆಗಳಲ್ಲಿ ಜನರು ದುಃಖವಾದಾಗಲೂ ಸಂತೋಷವಾದಾಗಲೂ ಹಬೆಯಾಡುವ ಕೆಂಪು ಬೋಗುಣಿಯ ಮುಂದೆ ಕುಳಿತಿರುತ್ತಾರೆ. ನಗರಕ್ಕೆ ಮರಳಿದ ಮೇಲೆ, ದಿನವಿಡೀ ಕೆಲಸ ಮಾಡಿ ಒಂಟಿ ಕೋಣೆಗೆ ಬಂದಾಗ, ಅವಳಿಗೂ ಅಂಥದೊಂದು ಬೋಗುಣಿ ಬೇಕೆನಿಸಿತು. “ಅಪ್ಪಾ, ಅದರ ಬಣ್ಣ ನೋಡಿದರೆ ನಮ್ಮ ಅಂಗಡಿಯ ನೆನಪಾಗುತ್ತದೆ” ಎಂದಳು. ಈ ಮಾತನ್ನು ಕೇಳಿ ತಂದೆಯಾದವನ ಮನಸ್ಸು ಕರಗದಿರುವುದು ಕಷ್ಟ. ಆದರೆ ಅವಳ ತಾಯಿಯ ಮನಸ್ಸು ಬೇರೆಯಾಗಿತ್ತು. ಚಾತುರ್ಮಾಸಕ್ಕೆ ಮೊದಲು ನಾವಿಬ್ಬರೂ ಮಗಳನ್ನು ಕಾಣಲು ಹೋದಾಗ, ಆ ಕೋಣೆಯ ಪಾತ್ರೆಯಲ್ಲಿ ಆಕೆ ನೀರನ್ನೂ ಕುಡಿಯಲಿಲ್ಲ. ಯಾವ ಪಾತ್ರೆಯಲ್ಲಿ ಏನು ಬೆಂದಿದೆಯೋ ತಿಳಿಯದು ಎಂಬುದೊಂದೇ ಆಕೆಯ ಮಾತು. ಮಗಳು ಕಣ್ಣೀರು ಹಾಕಲಿಲ್ಲ, ಸುಮ್ಮನಾದಳು. ಆ ಮೌನವು ಕಣ್ಣೀರಿಗಿಂತ ಹೆಚ್ಚು ನೋಯಿಸುವಂಥದು.

ಇಬ್ಬರಲ್ಲಿ ಯಾರು ಸರಿ ಎಂದು ತೀರ್ಪು ಕೊಡುವ ಬದಲು, ಮಾಲನ್ನು ನೋಡದೆ ಬೆಲೆ ಕಟ್ಟಬಾರದು ಎಂಬ ವ್ಯಾಪಾರಿಯ ಕ್ರಮವನ್ನೇ ನಾನು ಹಿಡಿದೆ. ಎರಡು ದಿನ ಮಗಳೊಡನೆ ಆ ಅಂಗಡಿಗಳನ್ನು ಸುತ್ತಿದೆ. ಸ್ಯಾಮ್ಸಂಗ್, ಎಲ್.ಜಿ. ಮೊದಲಾದ ಕೊರಿಯಾದ ಸಂಸ್ಥೆಗಳ ತಂತ್ರಾಂಶ ಕೇಂದ್ರಗಳು ಬೆಂಗಳೂರಿನಲ್ಲಿರುವುದರಿಂದ ಆ ದೇಶದ ಕುಟುಂಬಗಳು ಇಲ್ಲಿ ನೆಲೆಸಿವೆ. ಅವರಿಗಾಗಿ ಹುಟ್ಟಿದ ಊಟದ ಮನೆಗಳಿಗೆ ಈಗ ನಮ್ಮ ಮಕ್ಕಳೇ ಹೆಚ್ಚಾಗಿ ಹೋಗುತ್ತಾರೆ. ಕಮ್ಮನಹಳ್ಳಿ, ಕಲ್ಯಾಣನಗರ, ಇಂದಿರಾನಗರ, ಕೋರಮಂಗಲ ಮುಂತಾದ ಬಡಾವಣೆಗಳಲ್ಲಿ ಕಟ್ಟಿಸಿಕೊಂಡು ಒಯ್ಯುವವರ ಮತ್ತು ಮನೆಗೆ ತಲುಪಿಸುವ ಹುಡುಗರ ಓಡಾಟ ರಾತ್ರಿ ಬಹಳ ಹೊತ್ತಿನವರೆಗೆ ನಡೆಯುತ್ತದೆ. ಕಿರಾಣಿ ಅಂಗಡಿಗಳಲ್ಲಿಯೂ ಕೊರಿಯಾದ ರುಚಿಯೆಂದು ಅಚ್ಚು ಹಾಕಿದ ನಮ್ಮ ದೇಶದ ನೂಡಲ್ಸ್ ಪೊಟ್ಟಣಗಳು ಹಲಗೆ ತುಂಬಿವೆ.

ಮಗಳಿಗೆ ಅತ್ಯಂತ ಪ್ರಿಯವಾದುದು ತೊಕ್‌ಬೊಕ್ಕಿ. ಅಕ್ಕಿಹಿಟ್ಟನ್ನು ನಾದಿ ಬೆರಳಿನಂತೆ ಹೊಸೆದ ತುಂಡುಗಳನ್ನು ಕೆಂಪು ರಸದಲ್ಲಿ ಬೇಯಿಸಿದ ಪದಾರ್ಥ. ಕಣ್ಣಿಗೆ ಅಕ್ಕಿ ಕಡಬಿನಷ್ಟೇ ನಿರಪರಾಧಿ. ಒಂದು ಅಂಗಡಿಯಲ್ಲಿ “ಇದು ವೆಜ್ ಏನಪ್ಪಾ?” ಎಂದು ಕೇಳಿದೆ. ಹುಡುಗನು ತಡಮಾಡದೆ “ವೆಜ್, ಸರ್” ಎಂದ. “ರಸವನ್ನು ಯಾವುದರಿಂದ ಮಾಡುತ್ತೀರಿ?” ಎಂದು ಕೇಳಿದಾಗ ಒಳಗೆ ಹೋಗಿ ವಿಚಾರಿಸಿ ಬಂದು, ಒಣಗಿದ ಸಣ್ಣ ಮೀನು ಮತ್ತು ಕಡಲಪಾಚಿಯನ್ನು ಕುದಿಸಿದ ನೀರಿನಿಂದ ಎಂದ. ಅವನು ಮೋಸ ಮಾಡಲು ಹೊರಟವನಲ್ಲ. ಮಾಂಸದ ತುಂಡು ಕಾಣದಿದ್ದರೆ ಅದು ಸಸ್ಯಾಹಾರ ಎಂಬುದೇ ಅವನ ತಿಳುವಳಿಕೆ. ಕೊರಿಯಾದ ಅಡುಗೆಯಲ್ಲಿ ಮೀನಿನ ಸಾರು ನಮ್ಮಲ್ಲಿ ಒಗ್ಗರಣೆ ಇದ್ದಂತೆ. ಇದೆಯೆಂದು ಯಾರೂ ಹೇಳುವುದಿಲ್ಲ, ಇಲ್ಲದೆ ಯಾರೂ ಮಾಡುವುದಿಲ್ಲ. ಕಿಮ್ಚಿ ಎಂಬ ಕೋಸಿನ ಉಪ್ಪಿನಕಾಯಿಗೂ ಸಾಮಾನ್ಯವಾಗಿ ಬೆಳ್ಳುಳ್ಳಿಯ ಜೊತೆಗೆ ಮೀನಿನ ರಸವೋ ಉಪ್ಪಿನಲ್ಲಿಟ್ಟ ಸೀಗಡಿಯೋ ಸೇರುತ್ತದೆ.

ಇನ್ನೊಂದೆಡೆ ಇದಕ್ಕೆ ತೀರ ವಿರುದ್ಧವಾದುದನ್ನು ಕಂಡೆ. ಬುಂಗೊಪ್ಪಾಂಗ್ ಎಂಬುದು ಮೀನಿನ ಆಕಾರದ ಅಚ್ಚಿನಲ್ಲಿ ಸುಟ್ಟ ಗೋಧಿಹಿಟ್ಟಿನ ರೊಟ್ಟಿ. ಕಣ್ಣು, ರೆಕ್ಕೆ, ಬಾಲ ಎಲ್ಲವೂ ಇವೆ. ಒಳಗಿರುವುದು ಮಾತ್ರ ಕೆಂಪು ಕಾಳಿನ ಸಿಹಿ ಹೂರಣ. ಹಿಟ್ಟಿಗೆ ಕೆಲವರು ಮೊಟ್ಟೆ ಸೇರಿಸುವುದುಂಟು. ಮೀನು ಮಾತ್ರ ಎಳ್ಳಷ್ಟೂ ಇಲ್ಲ. ಅಕ್ಕಿಯಂತೆ ಕಾಣುವುದರಲ್ಲಿ ಮೀನಿದೆ; ಮೀನಿನಂತೆ ಕಾಣುವುದರಲ್ಲಿ ಮೀನಿಲ್ಲ!

ಹಾಗಾದರೆ ಮೊಟ್ಟೆ ಸೇರಿಸದ ಹಿಟ್ಟಿನ ಮೀನು ನಮಗೆ ಸಲ್ಲುತ್ತದೆಯೆ? ಈ ಪ್ರಶ್ನೆಯನ್ನು ಕನ್ನಡದ ಜೈನ ಕವಿಯು ಎಂಟು ನೂರು ವರ್ಷಗಳ ಹಿಂದೆಯೇ ನಮ್ಮ ಮುಂದೆ ಇಟ್ಟಿದ್ದಾನೆ. ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯಲ್ಲಿ ಅರಸನು ಜೀವಂತ ಪ್ರಾಣಿಯ ಬಲಿಗೆ ಒಪ್ಪದೆ, ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಹಿಟ್ಟಿಗೆ ನೋವಾಗಲಿಲ್ಲ, ಆದರೂ ಕೊಲ್ಲುವ ಸಂಕಲ್ಪವು ಫಲ ಕೊಡದೆ ಬಿಡಲಿಲ್ಲ. ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ತಿರ್ಯಂಚರಾಗಿ ತೊಳಲಿದರು. ನನ್ನ ಮಗಳು ಈ ಕಥೆಯನ್ನು ಬಾಲ್ಯದಲ್ಲಿ ಕೇಳಿದವಳು. ಹಿಟ್ಟಿನ ಮೀನನ್ನು ಕೈಯಲ್ಲಿ ಹಿಡಿದು ನೋಡಿ, ನಾನು ಏನೂ ಹೇಳುವ ಮೊದಲೇ “ಇದು ಬೇಡ ಅಪ್ಪಾ, ಕಚ್ಚಲು ಮನಸ್ಸಾಗದು” ಎಂದು ಮರಳಿ ಇಟ್ಟಳು. ಸಂಸ್ಕಾರವು ನಗರದಲ್ಲಿ ಕಳೆದುಹೋಗುತ್ತದೆ ಎಂದು ಗೋಳಾಡುವ ಹಿರಿಯರು ಇದನ್ನು ಗಮನಿಸಬೇಕು. ಮಕ್ಕಳಿಗೆ ಕೊರತೆಯಾಗಿರುವುದು ಸಂಸ್ಕಾರವಲ್ಲ, ಮಾಹಿತಿ. ಕಂಡ ಮೀನನ್ನು ಅವಳು ಬಿಟ್ಟಳು. ಕಾಣದ ಮೀನನ್ನು ಬಿಡುವುದು ಹೇಗೆ?

ಪೊಟ್ಟಣದ ಮೇಲಿನ ಹಸಿರು ಚುಕ್ಕೆ ಇದಕ್ಕೆ ಉತ್ತರವೆಂದು ಹಲವರು ಭಾವಿಸುತ್ತಾರೆ. ಚೌಕದೊಳಗಿನ ಹಸಿರು ಚುಕ್ಕೆ ಸಸ್ಯಾಹಾರಕ್ಕೆ, ಕಂದು ತ್ರಿಕೋನ ಮಾಂಸಾಹಾರಕ್ಕೆ ಎಂಬುದು ಸರಕಾರದ ನಿಯಮ. ಇದು ದೊಡ್ಡ ಉಪಕಾರವೇ ಸರಿ. ಆದರೆ ಆ ನಿಯಮವು ಹಾಲನ್ನು ಬಿಟ್ಟಂತೆ ಜೇನನ್ನೂ ಮಾಂಸಾಹಾರದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಅಂದರೆ ಜೇನು ಬೆರೆತ ತಿನಿಸಿಗೂ ಹಸಿರು ಚುಕ್ಕೆ ಸಲ್ಲುತ್ತದೆ. ಶ್ರಾವಕನ ಮೂಲಗುಣಗಳಲ್ಲಿ ಮೊದಲು ಬರುವುದು ಮದ್ಯ, ಮಾಂಸ, ಮಧು ಎಂಬ ಮೂರು ಮಕಾರಗಳ ತ್ಯಾಗ. ಈ ಮೂರೂ ಒಂದೇ ಸಂಜೆಯ ಕಟ್ಟಿಸಿಕೊಂಡ ಊಟದಲ್ಲಿ ಬರಬಹುದು. ತೊಕ್‌ಬೊಕ್ಕಿಯ ರಸದಲ್ಲಿ ಮೀನು. ಜೇನು-ಬೆಣ್ಣೆಯ ರುಚಿಯ ಆಲೂಗಡ್ಡೆ ಚಿಪ್ಸಿನಲ್ಲಿ ಮಧು; ಕಂದಮೂಲವಂತೂ ಇದ್ದೇ ಇದೆ. ಇನ್ನು ಗೊಚುಜಾಂಗ್ ಎಂಬ ಕೆಂಪು ಹಿಂಡಿ. ಅದು ಮೆಣಸಿನಪುಡಿ, ಅಂಟು ಅಕ್ಕಿ, ಹುದುಗಿಸಿದ ಸೋಯಾ ಮತ್ತು ಉಪ್ಪುಗಳನ್ನು ಕಲಸಿ ತಿಂಗಳುಗಟ್ಟಲೆ ಹುಳಿಯಲು ಇಟ್ಟದ್ದು. ಅಂಗಡಿಯಲ್ಲಿ ಸಿಗುವ ಅನೇಕ ಡಬ್ಬಿಗಳಲ್ಲಿ ಕೆಡದಂತೆ ಮದ್ಯಸಾರವನ್ನೂ ಸೇರಿಸಿರುತ್ತಾರೆ. ಉಪ್ಪಿನಕಾಯಿಗೂ ಕಾಲಮರ್ಯಾದೆಯನ್ನು ನೋಡುವ ಮನೆಗಳಲ್ಲಿ ಇದು ಹೇಗೆ ಸಂದೀತು? ಕಾನೂನಿನ ಚುಕ್ಕೆ ಕಾನೂನಿನ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ನಮ್ಮ ವ್ರತದ ಪ್ರಶ್ನೆಯನ್ನು ನಾವೇ ಕೇಳಬೇಕು.

ಇಲ್ಲಿ ಕೊಳ್ಳುವವನ ಹೊಣೆಯಷ್ಟೇ ಮಾರುವವನ ಹೊಣೆಯೂ ಇದೆ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯ ವ್ರತದ ಐದು ಅತಿಚಾರಗಳನ್ನು ಎಣಿಸುತ್ತ, ತೂಕ ಅಳತೆಗಳಲ್ಲಿ ಹೆಚ್ಚು ಕಡಿಮೆ ಮಾಡುವುದನ್ನು ಹೇಳಿ, ಕೊನೆಗೆ ಪ್ರತಿರೂಪಕ ವ್ಯವಹಾರವನ್ನು ಹೇಳಿದ್ದಾರೆ. ಒಂದು ವಸ್ತುವನ್ನು ಅದರಂತೆ ಕಾಣುವ ಇನ್ನೊಂದನ್ನು ಬೆರೆಸಿ ಮಾರುವುದು ಎಂದು ಅದರ ತಾತ್ಪರ್ಯ. ಕದ್ದದ್ದಕ್ಕೂ ಬೆರೆಸಿದ್ದಕ್ಕೂ ಒಂದೇ ವ್ರತದಲ್ಲಿ ಜಾಗ ಕೊಟ್ಟಿರುವುದನ್ನು ವ್ಯಾಪಾರಿಗಳು ಮರೆಯಬಾರದು. ನಮ್ಮ ಕಸುಬಿಗೇ ಇದರ ಪಾಠವಾಗಿದೆ. 2003ರಲ್ಲಿ ಭಾರತದಿಂದ ಹೋದ ಮೆಣಸಿನಪುಡಿಯಲ್ಲಿ ಸುಡಾನ್ ಎಂಬ ಕೈಗಾರಿಕಾ ಬಣ್ಣವು ಯುರೋಪಿನಲ್ಲಿ ಪತ್ತೆಯಾಯಿತು. 2005ರಲ್ಲಿ ಇಂಗ್ಲೆಂಡಿನ ಅಂಗಡಿಗಳಿಂದ ಅಂಥ ಪುಡಿ ಬೆರೆತ ನೂರಾರು ಬಗೆಯ ಆಹಾರಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಬೆರೆಸಿದವರು ಕೆಲವರು, ಹೆಸರು ಕೆಟ್ಟದ್ದು ಪ್ರಾಮಾಣಿಕವಾಗಿ ಒಣಗಿಸಿ ತಂದ ರೈತನದೂ ಸೇರಿ ಎಲ್ಲರದು.

ಎರಡನೆಯ ದಿನ ನಾವು ಹೋದ ಸಣ್ಣ ಅಂಗಡಿಯೊಂದರ ಒಡತಿ ಕೊರಿಯಾದ ವೃದ್ಧೆ. ಮಗಳು ನಮ್ಮ ನಿಯಮಗಳನ್ನು ಇಂಗ್ಲಿಷಿನಲ್ಲಿ ವಿವರಿಸಿದಳು: ಮಾಂಸ, ಮೀನು, ಮೊಟ್ಟೆ, ಜೇನು, ಮದ್ಯ ಇಲ್ಲ, ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆಗಳಿಲ್ಲ. ಆಕೆ ಕೈಯಾಡಿಸಿ “ಇಲ್ಲಿರುವ ಅಡುಗೆ ಯಾವುದೂ ನಿಮಗಲ್ಲ” ಎಂದಳು. ಗಿರಾಕಿ ಹೊಸ್ತಿಲಲ್ಲಿ ನಿಂತು ಹಣ ಹಿಡಿದಿರುವಾಗ ಇಲ್ಲವೆನ್ನುವುದು ಎಷ್ಟು ಕಷ್ಟವೆಂಬುದನ್ನು ಅಂಗಡಿ ನಡೆಸಿದವರು ಬಲ್ಲರು. ವ್ರತದ ಹೆಸರನ್ನೇ ಕೇಳದ ಆ ಹೆಣ್ಣುಮಗಳು ಸತ್ಯವನ್ನೂ ಅಚೌರ್ಯವನ್ನೂ ಒಂದೇ ಮಾತಿನಲ್ಲಿ ಪಾಲಿಸಿದಳು. ಬಳಿಕ ಹಲಗೆಯಿಂದ ಒಂದು ಪೊಟ್ಟಣವನ್ನು ತೆಗೆದು ಕೊಟ್ಟಳು. ಬೋರಿಚಾ ಎಂಬ ಬಾರ್ಲಿಯ ಚಹಾ. ಹುರಿದ ಬಾರ್ಲಿ, ಅದರ ಹೊರತು ಬೇರೇನೂ ಇಲ್ಲ. ಕೊರಿಯಾದ ಮನೆಗಳಲ್ಲಿ ನೀರಿನ ಬದಲು ಇದನ್ನೇ ಕುಡಿಯುವ ರೂಢಿಯಿದೆ.

ಅಂದು ಮಧ್ಯಾಹ್ನ ಮಗಳು ಹೊಸ ಪಾತ್ರೆಯಲ್ಲಿ ನೀರು ಸೋಸಿ ಕಾಯಿಸಿ ಅದನ್ನು ಮಾಡಿದಳು. ಪೊಟ್ಟಣದ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಓದಿಸಿಕೊಂಡು ಅವಳ ತಾಯಿ ಒಂದು ಲೋಟ ಕುಡಿದಳು. ಹುರಿದ ಜೋಳದ ವಾಸನೆ ಬರುತ್ತದೆ ಎಂದಳು. ಅಷ್ಟೇ. ಆದರೆ ತಾಯಿ ಮಗಳ ನಡುವೆ ಮಾತು ಮತ್ತೆ ಆರಂಭವಾದದ್ದು ಆ ಲೋಟದಿಂದ.

ಕೊರಿಯಾದ ಆಹಾರವೆಂದರೆ ಹಿಂಸೆಯ ಆಹಾರವೆಂದು ತಳ್ಳಿಹಾಕುವುದೂ ತಪ್ಪು. ಅಲ್ಲಿಯ ಬೌದ್ಧ ವಿಹಾರಗಳ ಅಡುಗೆಯಲ್ಲಿ ಮಾಂಸವಿಲ್ಲ, ಮೀನಿಲ್ಲ. ಬೆಳ್ಳುಳ್ಳಿ, ಈರುಳ್ಳಿಯ ಜಾತಿಯ ಸೊಪ್ಪುಗಳು, ಇಂಗು ಮೊದಲಾದ ಐದು ಉಗ್ರ ಪದಾರ್ಥಗಳೂ ವರ್ಜ್ಯ. ಅವರ ಕಿಮ್ಚಿಯೂ ಇವಿಲ್ಲದೆಯೇ ಆಗುತ್ತದೆ. ಬೇಕ್ಯಾಂಗ್ಸಾ ವಿಹಾರಕ್ಕೆ ಸೇರಿದ ಆಶ್ರಮದ ಜಿಯಾಂಗ್ ಕ್ವಾನ್ ಎಂಬ ಭಿಕ್ಷುಣಿಯ ಅಡುಗೆಯನ್ನು 2017ರಲ್ಲಿ ನೆಟ್‌ಫ್ಲಿಕ್ಸ್ ಚಿತ್ರಮಾಲೆಯೊಂದು ಲೋಕಕ್ಕೆಲ್ಲ ತೋರಿಸಿತು. ಗೆಡ್ಡೆಗಳನ್ನೂ ಹುದುಗಿಸಿದ್ದನ್ನೂ ಅವರು ಬಳಸುವುದರಿಂದ ನಮ್ಮ ನಿಯಮಕ್ಕೆ ಅದು ಪೂರ್ತಿ ಹೊಂದದು. ಆದರೂ ನಾಲಿಗೆಯನ್ನು ಹಿಡಿತದಲ್ಲಿಡುವ ವಿವೇಕವು ಒಂದೇ ನಾಡಿನ ಸ್ವತ್ತಲ್ಲವೆಂಬುದು ಇದರಿಂದ ತಿಳಿಯುತ್ತದೆ. ಪರದೇಶದ್ದು ಎಂಬುದೇ ದೋಷವಾದರೆ ಮೊದಲು ಬಿಡಬೇಕಾದದ್ದು ಮೆಣಸಿನಕಾಯಿಯನ್ನೇ. ಅಮೆರಿಕ ಖಂಡದಲ್ಲಿ ಹುಟ್ಟಿದ ಅದು ಪೋರ್ಚುಗೀಜರ ಹಡಗುಗಳಲ್ಲಿ ನಮ್ಮ ನಾಡಿಗೆ ಬಂದು ಬ್ಯಾಡಗಿಯ ಹೆಸರು ಪಡೆಯಿತು. ಕೊರಿಯಾಕ್ಕೆ ಹೋಗಿ ಗೊಚುಗಾರು ಎಂಬ ಪುಡಿಯಾಯಿತು. ಅದಕ್ಕೂ ಹಿಂದಿನ ಕಿಮ್ಚಿಗೆ ಈ ಕೆಂಪು ಇರಲಿಲ್ಲ.

ಗೊಚುಗಾರು ಸಿಗದಾಗ ನಮ್ಮ ದೇಶದ ಅಡುಗೆಯವರು ಬ್ಯಾಡಗಿಯ ಪುಡಿಯನ್ನು ಬಳಸುವುದುಂಟು; ಖಾರ ಕಡಿಮೆ, ಬಣ್ಣ ಹೆಚ್ಚು ಎಂಬ ಗುಣ ಎರಡಕ್ಕೂ ಸಮಾನ. ಊರಿಗೆ ಬಂದಾಗ ಮಗಳು ತಾಯಿಯ ಒಲೆಯ ಮುಂದೆ ಕುಳಿತು ಅಕ್ಕಿಹಿಟ್ಟನ್ನು ಕುದಿನೀರಿನಲ್ಲಿ ನಾದಿ, ಬೆರಳಿನಂತೆ ಹೊಸೆದು, ಡಬ್ಬಿ ಮೆಣಸಿನಕಾಯಿ, ಬೆಲ್ಲ, ಹುಣಸೆಹುಳಿ, ಹುರಿದ ಎಳ್ಳುಗಳ ರಸದಲ್ಲಿ ಬೇಯಿಸಿದಳು. ಸೂರ್ಯಾಸ್ತಕ್ಕೆ ಮೊದಲು ಎಲ್ಲರೂ ಕೂಡಿ ಉಂಡೆವು. ಕೊರಿಯಾದವರು ಅದನ್ನು ತಮ್ಮದೆಂದು ಒಪ್ಪಲಾರರು. ನಾವೂ ಅದನ್ನು ಅವರ ಹೆಸರಿನಿಂದ ಕರೆಯಲಿಲ್ಲ, ಅದು ಪ್ರತಿರೂಪಕವಾದೀತು. ಮಗಳು “ಕೆಂಪು ಕಡಬು” ಎಂದು ಹೆಸರಿಟ್ಟಿದ್ದಾಳೆ.

ಮಕ್ಕಳನ್ನು ನಗರಕ್ಕೆ ಕಳಿಸಿರುವ ಧರ್ಮಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಅವರ ತಟ್ಟೆಯನ್ನು ಕಂಡು ಮುಖ ತಿರುಗಿಸುವ ಮೊದಲು, ಕೇಳಬೇಕಾದ ಪ್ರಶ್ನೆಗಳನ್ನು ಅವರಿಗೆ ಕಲಿಸೋಣ. ರಸಕ್ಕೆ ಆಧಾರವೇನು? ಹಿಂಡಿಯಲ್ಲಿ ಮದ್ಯಸಾರವಿದೆಯೆ? ಸಿಹಿಗೆ ಜೇನು ಬಳಸಿದ್ದೀರಾ? ಪಾತ್ರೆ, ಎಣ್ಣೆ ಬೇರೆಯೆ? ಸೂರ್ಯಾಸ್ತಕ್ಕೆ ಮೊದಲು ತಲುಪುತ್ತದೆಯೆ? ಕೇಳಿದರೆ ಕೆಲವು ತಿನಿಸು ಕೈಬಿಡುತ್ತವೆ, ಕೆಲವು ಉಳಿಯುತ್ತವೆ. ಅಂಗಡಿ ನಡೆಸುವ ಬಂಧುಗಳಿಗೂ ಒಂದು ಮಾತು: ನಾವು ಮಾರುವ ಚೀಲದ ಮೇಲೆ ಏನು ಬರೆದಿದೆಯೋ ಅದೇ ಒಳಗಿರಲಿ. ನಾಳೆ ಯಾವುದೋ ನಗರದಲ್ಲಿ ಯಾರದೋ ಮಗಳು ಅದನ್ನು ನಂಬಿ ಒಲೆಯ ಮೇಲೆ ಪಾತ್ರೆ ಇಡುತ್ತಾಳೆ.