ಕೇಳದೆ ಬಂದ ಸಾಲ

ಸಾಲ ಮಾಡಿದವನು ಸಾಲಗಾರನಾಗುವುದು ಲೋಕದ ರೂಢಿ. ಸಾಲವನ್ನೇ ಕೇಳದವರು ಒಂದು ಬೆಳಗ್ಗೆ ಎದ್ದು ಸಾಲಗಾರರಾಗುವ ವಿಚಿತ್ರವೂ ಉಂಟೆಂಬುದನ್ನು ನಾನು 2025ರ ಜೂನ್ ತಿಂಗಳಿನಲ್ಲಿ ಕಂಡುಕೊಂಡೆ.

ನಮ್ಮೂರು ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು. ಚಿತ್ರದುರ್ಗದ ಕಡೆಗೆ ರೈಲುದಾರಿ ಕವಲೊಡೆಯುವುದು ಅಲ್ಲಿಯೇ. ನಮ್ಮ ತಂದೆ ಆ ಹಳಿಗಳನ್ನು ನೋಡಿಕೊಳ್ಳುವ ಗ್ಯಾಂಗಿನಲ್ಲಿದ್ದರು. 2011ರ ನವೆಂಬರಿನ ಕೊನೆಯಲ್ಲಿ, ಇನ್ನೂ ಕೆಲಸದಲ್ಲಿರುವಾಗಲೇ, ಜ್ವರದಿಂದ ತೀರಿಕೊಂಡರು. ಆಗ ನಾನು ಒಂದನೆಯ ತರಗತಿ. ಅಂದಿನಿಂದ ಅವ್ವನಿಗೆ ಬರುತ್ತಿದ್ದ ಕುಟುಂಬ ಪಿಂಚಣಿಯೇ ನಮ್ಮ ಜೀವನಾಧಾರ.

ಜೂನಿನಲ್ಲಿ ಬ್ಯಾಂಕಿನಿಂದ ಕಾಗದ ಬಂದಿತು. ನೌಕರನು ಸೇವೆಯಲ್ಲಿದ್ದಾಗ ತೀರಿಕೊಂಡರೆ ಹತ್ತು ವರ್ಷಗಳವರೆಗೆ ಸಂಬಳದ ಅರ್ಧದಷ್ಟು ಪಿಂಚಣಿ. ಅನಂತರ ನೂರಕ್ಕೆ ಮೂವತ್ತು. ನಮಗೆ ಬರುತ್ತಿದ್ದ ಮೂಲ ಪಿಂಚಣಿ 12,000 ರೂಪಾಯಿ. 2021ರ ಡಿಸೆಂಬರಿನಿಂದ ಅದು ಕನಿಷ್ಠ ದರವಾದ 9,000ಕ್ಕೆ ಇಳಿಯಬೇಕಾಗಿತ್ತು. ಇಳಿಸಬೇಕಾದವರು ಮರೆತಿದ್ದರು. ತುಟ್ಟಿಭತ್ಯವೂ ಸೇರಿ ಹೆಚ್ಚಾಗಿ ಪಾವತಿಯಾದ 1,87,170 ರೂಪಾಯಿಗಳನ್ನು ಮರಳಿಸತಕ್ಕದ್ದು ಎಂಬುದೇ ಕಾಗದದ ಸಾರ.

ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ತಪ್ಪು ಅವರದು, ದಂಡ ನಮಗೆ! ನಮ್ಮ ಅಧ್ಯಾಪಕರೊಬ್ಬರು ಹೇಳಿದ ದಾರಿ ಹಿಡಿದು ತೀರ್ಪುಗಳನ್ನು ಹುಡುಕಿದೆ. 2014ರಲ್ಲಿ ಪಂಜಾಬಿನ ರಫೀಕ್ ಮಸೀಹನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಕೆಳದರ್ಜೆಯ ನೌಕರರಿಂದಲೂ ನಿವೃತ್ತರಿಂದಲೂ ಇಂತಹ ಹಣವನ್ನು ವಸೂಲು ಮಾಡಬಾರದೆಂದಿತ್ತು. 2022ರಲ್ಲಿ ಕೇರಳದ ಥಾಮಸ್ ಡೇನಿಯಲ್ ಎಂಬ ನಿವೃತ್ತ ಉಪಾಧ್ಯಾಯರ ಮೊಕದ್ದಮೆಯಲ್ಲಿ, ಇದು ನೌಕರನ ಹಕ್ಕಲ್ಲ, ಅವನ ಕಷ್ಟವನ್ನು ನೋಡಿ ನ್ಯಾಯಾಲಯ ತೋರುವ ಔದಾರ್ಯ ಎಂದಿತು. ಆದರೆ 2016ರ ಜಗದೇವ್ ಸಿಂಗ್ ತೀರ್ಪು ಬೇರೆ ಮಾತನ್ನಾಡಿತ್ತು: ಹೆಚ್ಚು ಬಂದರೆ ಹಿಂದಿರುಗಿಸುತ್ತೇನೆಂದು ಮುಚ್ಚಳಿಕೆ ಬರೆದುಕೊಟ್ಟವನು ಅದಕ್ಕೆ ಬದ್ಧನು.

"ಅವ್ವ, ನೀನು ಏನಾದರೂ ಬರೆದುಕೊಟ್ಟಿದ್ದೆಯಾ?" ಎಂದೆ.

"ಹೆಬ್ಬೆಟ್ಟು ಒತ್ತು ಅಂದರು, ಒತ್ತಿದೆ ಕಣಪ್ಪ. ಆವತ್ತು ನನಗೆ ಏನು ತಿಳೀತಿತ್ತು?"

ಅವ್ವ ಟ್ರಂಕನ್ನು ತೆಗೆದಳು. ಮದುವೆಯ ಸೀರೆಯ ಕೆಳಗೆ ಪಿಂಚಣಿಯ ಆದೇಶಪತ್ರವಿತ್ತು. ಹೆಚ್ಚಿನ ದರ ಯಾವ ದಿನದವರೆಗೆ ಎಂಬುದು ಅದರಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು. ಮನೆಯಲ್ಲಿ ಓದು ಬಲ್ಲವನು ನಾನೊಬ್ಬನೇ. ಹದಿನಾಲ್ಕು ವರ್ಷ ಆ ಕಾಗದ ನನ್ನ ತಲೆದಿಂಬಿನಿಂದ ಮೂರು ಮಾರು ದೂರದಲ್ಲಿತ್ತು. ಒಮ್ಮೆಯೂ ಬಿಚ್ಚಿ ಓದಿರಲಿಲ್ಲ. ನನ್ನ ಕೋಪಕ್ಕೆ ಅರ್ಧ ಬಲ ಅಲ್ಲಿಯೇ ಹೋಯಿತು.

ಉಳಿದರ್ಧ ಹೋದದ್ದು ಲೆಕ್ಕ ಹಾಕಿದಾಗ. 2021ರ ಡಿಸೆಂಬರಿನಿಂದ ಎಂದರೆ ನಾನು ಪಿ.ಯು.ಸಿ.ಗೆ ಸೇರಿದ ವರ್ಷದಿಂದ. ಹಾಸ್ಟೆಲು, ಪುಸ್ತಕ, ದುರ್ಗದ ಬಸ್ಸು, 2022ರಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ 1933ರ ಅನಂತರ ಮೊದಲ ಬಾರಿಗೆ ಕೋಡಿ ಬಿದ್ದಾಗ ಅವ್ವನೊಡನೆ ನೋಡಲು ಹೋದ ಖರ್ಚು, ಎಲ್ಲವೂ ಆ ಹಣದಿಂದಲೇ. ಆ ಹೆಚ್ಚುವರಿ ಹಣವೇ ನಾನಾಗಿದ್ದೆ!

ಕೋಡಿ ಬಿದ್ದ ನೀರನ್ನು ಕಣಿವೆ ಮತ್ತೆ ಕೇಳುವುದುಂಟೆ ಎಂದು ನಾನು ವಾದಿಸಿದೆ. ಅವ್ವ ನಕ್ಕಳು. "ನೀರಿಗೆ ಋಣವಿಲ್ಲ ಮಗ, ಉಂಡವರಿಗೆ ಉಂಟು. ಕೊಡೋಣ. ಆದರೆ ನಿನ್ನ ಓದು ನಿಲ್ಲದ ಹಾಗೆ ಕೊಡೋಣ."

ಬ್ಯಾಂಕಿಗೆ ಅರ್ಜಿ ಬರೆದೆ. ಪಿಂಚಣಿ ತುಟ್ಟಿಭತ್ಯ ಸೇರಿ 13,950ಕ್ಕೆ ಇಳಿದಿತ್ತು; ಅದರಲ್ಲಿ ತಿಂಗಳಿಗೆ 3,600ಕ್ಕಿಂತ ಹೆಚ್ಚು ಕೊಡಲಾಗದೆಂದೂ, ತಪ್ಪು ನಮ್ಮದಲ್ಲವೆಂಬುದನ್ನು ದಾಖಲೆಯಲ್ಲಿ ಕಾಣಿಸಬೇಕೆಂದೂ ಕೇಳಿಕೊಂಡೆ. ಮ್ಯಾನೇಜರು ಎರಡು ಸಲ ಓದಿ, "ನೀನೇ ಬರೆದೆಯೇನಪ್ಪ?" ಎಂದು ಕೇಳಿ ಒಪ್ಪಿದರು. ಕೆಳಗೆ ಅವ್ವ ಹೆಬ್ಬೆಟ್ಟು ಒತ್ತುವ ಮೊದಲು ನಾನು ಅರ್ಜಿಯನ್ನು ಆದ್ಯಂತವಾಗಿ ಓದಿ ಹೇಳಿದೆ. ಅವಳು ಎರಡು ಕಡೆ ನನ್ನನ್ನು ನಿಲ್ಲಿಸಿ ಅರ್ಥ ಕೇಳಿದಳು.

ಒಟ್ಟು 52 ಕಂತುಗಳು. 2025ರ ಆಗಸ್ಟಿನಲ್ಲಿ ಆರಂಭವಾದ ಸಾಲ 2029ರ ನವೆಂಬರಿಗೆ ತೀರುತ್ತದೆ. ಭಾನುವಾರಗಳಲ್ಲಿ ಹೊಸದುರ್ಗದ ಸೋದರಮಾವನ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಎಂ.ಎ.ಗೆ ಅರ್ಜಿ ಹಾಕು ಎಂದು ಅವ್ವ ಹಟ ಹಿಡಿದಿದ್ದಾಳೆ.

ಗೆಳೆಯರೆ, ನಮ್ಮಲ್ಲಿ ಎಷ್ಟೋ ಮಂದಿ ಮನೆಯಲ್ಲಿ ಮೊದಲು ಓದಿದವರು. ಮನೆಗೆ ಹೋದಾಗ ಟ್ರಂಕನ್ನು ಒಮ್ಮೆ ತೆಗೆಯಿರಿ. ನಾವು ಓದಬೇಕಾದ ಪಠ್ಯದಲ್ಲಿ ಒಂದಿಷ್ಟು ಅಲ್ಲಿಯೂ ಇದೆ.