ಮಳೆ ತೋರಿಸಿದ ಜಗಲಿ

ದಸರಾ ರಜೆಯಲ್ಲಿ ಹುಬ್ಬಳ್ಳಿಯಿಂದ ದಾಂಡೇಲಿಗೆ ಹೋಗಿದ್ದೆವು. ಕಾಳಿ ನದಿಯಲ್ಲಿ ರಾಫ್ಟಿಂಗ್ ಮಾಡಬೇಕೆಂಬುದು ಮಕ್ಕಳ ಬಹುದಿನದ ಆಸೆ. ಆದರೆ ರಾತ್ರಿಯಿಡೀ ಮಳೆ ಸುರಿಯಿತು. ಬೆಳಿಗ್ಗೆ, "ಇವತ್ತು ದೋಣಿ ಇಳಿಸುವುದಿಲ್ಲ" ಎಂದುಬಿಟ್ಟರು. ಮಗನ ಮುಖ ಬಾಡಿತು. "ಬಂದದ್ದು ವ್ಯರ್ಥವಾಗುವುದು ಬೇಡ, ಸುತ್ತಮುತ್ತಲ ಊರು ನೋಡೋಣ" ಎಂದರು ನಮ್ಮ ಮನೆಯವರು.

ಮೊದಲು ಜೋಯಿಡಾ ತಾಲೂಕಿನ ಗಣೇಶಗುಡಿಗೆ ಹೋದೆವು. ಕಾಳಿಗೆ ಅಡ್ಡವಾಗಿ ಕಟ್ಟಿದ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಮಂಜಿನಲ್ಲಿ ಅರೆಬರೆ ಕಂಡಿತು. ಸೂಪಾ ಎಂಬ ಊರು ಆ ನೀರಿನಡಿ ಮುಳುಗಿದೆ. ಹೆಸರು ಮಾತ್ರ ಅಣೆಕಟ್ಟಿಗೆ ಉಳಿದಿದೆ.

ಮಧ್ಯಾಹ್ನ ಹಳಿಯಾಳದ ಕಡೆ ಹೊರಟಾಗ ಮತ್ತೆ ಮಳೆ ಜೋರಾಯಿತು. ದಾರಿಯ ಹಳ್ಳಿಯೊಂದರಲ್ಲಿ ಮನೆಯ ಜಗಲಿಯೇರಿ ನಿಂತೆವು. ಗುಂಗುರು ಕೂದಲಿನ ಅಜ್ಜಿಯೊಬ್ಬರು ಹಳೆ ಸೀರೆಯ ತುಂಡುಗಳಿಂದ ಕೌದಿ ಹೊಲಿಯುತ್ತಿದ್ದರು. ನನ್ನ ಮಗಳು ಗಟ್ಟಿಯಾಗಿಯೇ ಕೇಳಿದಳು: "ಅಮ್ಮಿ, ಇವರು ಆಫ್ರಿಕಾದವರಾ?"

ನನಗೆ ನಾಚಿಕೆಯಾಯಿತು. ಅಜ್ಜಿ ನಕ್ಕರು. "ನಾನು ಇದೇ ಊರವಳು ಮಗಾ. ನನ್ನ ಅಜ್ಜಿಯ ಅಜ್ಜಿಯೂ ಇಲ್ಲಿಯವಳೇ. ನೀವು ಎಲ್ಲಿಂದ ಬಂದವರು?"

ಅವರು ಸಿದ್ದಿ ಜನಾಂಗದವರು. ಇವರ ಪೂರ್ವಜರಲ್ಲಿ ಅನೇಕರನ್ನು ಆಫ್ರಿಕಾದಿಂದ ಗುಲಾಮರನ್ನಾಗಿ ತರಲಾಗಿತ್ತು. ಗೋವೆಯ ಪೋರ್ಚುಗೀಸರ ಕೈಯಿಂದ ತಪ್ಪಿಸಿಕೊಂಡವರು ಈ ಕಾಡುಗಳಲ್ಲಿ ನೆಲೆಸಿದರು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಇರುವ ಇವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಇದ್ದಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು.

ಅಜ್ಜಿ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡರು. ಅವರ ಮಾತಿನಲ್ಲಿ ಕೌದಿ 'ಕವಂಡಿ'. ಅಂಚಿನಿಂದ ಶುರುಮಾಡಿ ನಡುವಿನವರೆಗೆ ಹೊಲಿಯುತ್ತಾ ಬರಬೇಕು. ಕೊನೆಗೆ ನಾಲ್ಕು ಮೂಲೆಗೂ ಬಟ್ಟೆ ಮಡಚಿದ 'ಫೂಲ' ಇಡಬೇಕು. ಫೂಲ ಇಲ್ಲದಿದ್ದರೆ ಕವಂಡಿ ಪೂರ್ತಿಯಾದಂತಲ್ಲ. ಒಂದು ಫೂಲವನ್ನು ಮಗಳೇ ಮಡಚಿದಳು. ಅದು ಸೊಟ್ಟಗಾದರೂ ಅಜ್ಜಿ ಬಿಚ್ಚಲಿಲ್ಲ.

ಹಿಂತಿರುಗುವಾಗ ಮಗಳು ಮೆಲ್ಲಗೆ ಕೇಳಿದಳು: "ಅಮ್ಮಿ, ಮದ್ರಸದಲ್ಲಿ ನೀವು ಹೇಳುತ್ತೀರಲ್ಲ, ಹ. ಬಿಲಾಲ್(ರ) ಅವರೂ ಹಬ್ಶಿ ಮೂಲದವರಲ್ಲವಾ?" ಹೌದು ಎಂದೆ. ವರ್ಷಗಟ್ಟಲೆ ಆ ಕಥೆ ಹೇಳಿದ್ದೇನೆ. ಆದರೆ ಎರಡು ಗಂಟೆಯ ದಾರಿಯಲ್ಲಿ ಇರುವ ಈ ಜನರ ಬಗ್ಗೆ ಮಕ್ಕಳಿಗೆ ಒಂದು ಮಾತೂ ಹೇಳಿರಲಿಲ್ಲ.

"ಮುಂದಿನ ಸಲ ಬರುವಾಗ ಹಳೆ ಸೀರೆ ತನ್ನಿ" ಎಂದಿದ್ದರು ಅಜ್ಜಿ. ಮಗಳು ಈಗಲೇ ನನ್ನ ಎರಡು ಸೀರೆ ತೆಗೆದಿಟ್ಟಿದ್ದಾಳೆ. ಒಂದು ಅಷ್ಟೇನೂ ಹಳೆಯದಲ್ಲ!