ಒಂದೇ ವಿಳಾಸದ ಮನೆ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕಳುಹಿಸಬೇಕೆಂದು ಸಂಪಾದಕ ಮಿತ್ರರು ಬರೆದಾಗ, ಮೂವತ್ತು ವರ್ಷಕ್ಕೂ ಮೇಲ್ಪಟ್ಟು ವಿಜ್ಞಾನದ ಪಾಠ ಹೇಳಿದ ನನ್ನಿಂದ ಅವರು ಶಿಕ್ಷಣವನ್ನು ಕುರಿತ ಒಂದು ಗಂಭೀರ ಪ್ರಬಂಧವನ್ನು ನಿರೀಕ್ಷಿಸಿದ್ದಿರಬೇಕು. ನಾನು ಬರೆಯಹೊರಟಿರುವುದಾದರೋ, ಮನೆಯ ಗಣಕಯಂತ್ರದ ಅಂತರ್ಜಾಲ ಸಂಪರ್ಕವನ್ನು ಒಂದು ಆಟದ ಯಂತ್ರಕ್ಕೆ ಹಂಚಿಕೊಟ್ಟ ವೃತ್ತಾಂತವನ್ನು. ವಿಷಯ ಹಗುರವೆಂದು ತೋರಿದರೆ ವಾಚಕರು ಕ್ಷಮಿಸಬೇಕು. ಈ ಶಾಲೆಯ ವಿದ್ಯಾರ್ಥಿನಿಲಯದಲ್ಲಿ ಬಾಲ್ಯದಲ್ಲಿ ಕಂಡ ಒಂದು ಸಂಗತಿಯ ಅರ್ಥ ನಲವತ್ತು ವರ್ಷಗಳ ತರುವಾಯ ಆ ಯಂತ್ರದ ಮುಂದೆ ಕುಳಿತಾಗ ನನಗೆ ಹೊಳೆಯಿತಾದ್ದರಿಂದ, ಅದನ್ನು ಇಲ್ಲಿ ನಿವೇದಿಸುವುದು ಅಸಂಗತವಾಗಲಾರದೆಂದು ನಂಬಿದ್ದೇನೆ.

ಅದು 2012ರ ಬೇಸಿಗೆ. ಕಿರಿಯ ಮಗನ ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿದಿತ್ತು. ಹಿರಿಯ ಮಗ ಅದಕ್ಕೆ ಎರಡು ವರ್ಷ ಮೊದಲೇ ಉನ್ನತ ವ್ಯಾಸಂಗಕ್ಕೆಂದು ಅಮೇರಿಕದ ಟೆಕ್ಸಾಸಿಗೆ ಹೋಗಿದ್ದ. ಕೈಗೆ ಬಂದ ಸರ್ಕಾರಿ ನೌಕರಿಯನ್ನು ಬಿಟ್ಟು, ಬ್ಯಾಂಕಿನ ಸಾಲವನ್ನು ತಲೆಯ ಮೇಲೆ ಹೊತ್ತು, ನನ್ನ ಮಾತನ್ನು ಮೀರಿ ಹೋದ. ಹೊರಡುವ ದಿನ ನಾನು ಬಸ್ ನಿಲ್ದಾಣಕ್ಕೂ ಹೋಗಲಿಲ್ಲ. ಅನಂತರ ವಾರಕ್ಕೊಮ್ಮೆ ಅವನ ಫೋನು ಬರುತ್ತಿತ್ತು. ತಾಯಿಯೊಡನೆ ಅರ್ಧ ಗಂಟೆ ಮಾತಾಡುತ್ತಿದ್ದ. ನನ್ನ ಕೈಗೆ ಬಂದಾಗ 'ಆರಾಮ?' ಎಂದರೆ 'ಆರಾಮ' ಎಂಬುದಿಷ್ಟೇ.

ಅವನು ಬೆಂಗಳೂರಿನಲ್ಲಿದ್ದಾಗ ಸ್ವಂತ ದುಡಿಮೆಯಿಂದ ಕೊಂಡಿದ್ದ ಎಕ್ಸ್‌ಬಾಕ್ಸ್ 360 ಎಂಬ ಆಟದ ಯಂತ್ರವನ್ನು ತಮ್ಮನಿಗೆ ಬಿಟ್ಟುಹೋಗಿದ್ದ. ಅಲ್ಲಿ ತಾನೂ ಅಂಥದೇ ಒಂದನ್ನು ಹೊಂದಿದ್ದ. ಅಂತರ್ಜಾಲವಿದ್ದರೆ ಇಬ್ಬರೂ ಏಕಕಾಲಕ್ಕೆ ಒಂದೇ ಆಟವನ್ನಾಡುತ್ತ ಮಾತಾಡಬಹುದಂತೆ. ಅದರ ವರ್ಷದ ಚಂದಾ ಹಣವನ್ನೂ ಅಣ್ಣನೇ ತುಂಬಿದ್ದ. 'ಮಾತಾಡಲು ಫೋನಿದೆಯಲ್ಲ?' ಎಂದು ನಾನು ಗದರಿಸಿದಾಗ ಕಿರಿಯ ಮಗ ಹೇಳಿದ ಉತ್ತರ ನೆನಪಿದೆ: 'ಫೋನಿನ್ಯಾಗ ಬರೇ ಆರಾಮ ಅಂತ ಕೇಳ್ತಾನ ಅಪ್ಪಾಜಿ. ಆಡಕೋತ ಕುಂತ್ರ ಮಾತು ತಾನ ಬರ್ತಾವ.' ಶೇಂಗಾ ಸುಲಿಯುತ್ತ ಕುಳಿತ ಹೆಂಗಸರ ನಡುವೆ ಮಾತು ತಾನಾಗಿ ಹುಟ್ಟುವುದನ್ನು ಬಲ್ಲ ನನಗೆ ಇದಕ್ಕೆ ಪ್ರತಿಯಾಡಲು ತೋಚಲಿಲ್ಲ.

ಆದರೆ ತೊಡಕೊಂದಿತ್ತು. ಹಾವೇರಿ ಜಿಲ್ಲೆಯ ನಮ್ಮ ತಾಲೂಕು ಸ್ಥಳದ ಮನೆಯಲ್ಲಿ ಅಂತರ್ಜಾಲವೆಂದರೆ, ಗಣಕಯಂತ್ರದ ಯು.ಎಸ್.ಬಿ. ಕಿಂಡಿಗೆ ಸಿಕ್ಕಿಸುವ ಹೆಬ್ಬೆಟ್ಟಿನಷ್ಟು ಗಾತ್ರದ ಒಂದು ಡೇಟಾ ಕಾರ್ಡು. ಅದನ್ನು ಆಟದ ಯಂತ್ರಕ್ಕೆ ಸಿಕ್ಕಿಸಿದರೆ ಅದು ಗುರುತಿಸುವುದಿಲ್ಲ. ನಮ್ಮದು ಹಳೆಯ ಮಾದರಿಯಾದ್ದರಿಂದ ನಿಸ್ತಂತು ಸೌಲಭ್ಯವೂ ಅದರೊಳಗಿರಲಿಲ್ಲ; ಇದ್ದದ್ದು ಲ್ಯಾನ್ ತಂತಿಯನ್ನು ಜೋಡಿಸುವ ಒಂದು ಕಿಂಡಿ ಮಾತ್ರ. ಆದ್ದರಿಂದ ಉಳಿದ ದಾರಿ ಒಂದೇ: ಗಣಕಯಂತ್ರವು ತಾನು ಪಡೆದ ಸಂಪರ್ಕವನ್ನು ತಂತಿಯ ಮೂಲಕ ಆಟದ ಯಂತ್ರಕ್ಕೆ ಹಂಚಬೇಕು. ಈ ಹಂಚಿಕೆಯ ಏರ್ಪಾಡು 1999ರ ವಿಂಡೋಸ್ 98 ದ್ವಿತೀಯ ಆವೃತ್ತಿಯಿಂದಲೇ ಇದೆ; ನಮ್ಮಲ್ಲಿದ್ದದ್ದು ವಿಂಡೋಸ್ 7. ಮಗನಿಗಿಂತ ಹೆಚ್ಚಾಗಿ, ವಿಜ್ಞಾನದ ಮೇಷ್ಟರೆಂಬ ನನ್ನ ಅಭಿಮಾನಕ್ಕೆ ಇದು ಸವಾಲಾಯಿತು.

ಮೊದಲ ದಿನ ಸೋತೆ. ಹಳೆಯ ಪುಸ್ತಕವೊಂದನ್ನು ನಂಬಿ, ಎರಡು ಯಂತ್ರಗಳನ್ನು ನೇರವಾಗಿ ಜೋಡಿಸಲು ಒಳಗಿನ ಎಳೆಗಳು ಅದಲುಬದಲಾಗಿರುವ ವಿಶೇಷ ತಂತಿಯೇ ಬೇಕೆಂದು ಹುಬ್ಬಳ್ಳಿಯಿಂದ ತರಿಸಿದೆ. ಎರಡರಲ್ಲಿ ಒಂದು ಯಂತ್ರದ ಕಿಂಡಿಯಾದರೂ ತಾನೇ ಅರಿತು ಹೊಂದಿಕೊಳ್ಳುವಂಥದಾದರೆ ಸಾದಾ ತಂತಿಯೇ ಸಾಕೆಂದು ಅನಂತರ ತಿಳಿಯಿತು. ಎರಡನೆಯ ತಪ್ಪು ಇನ್ನೂ ದೊಡ್ಡದು. ಹಂಚಿಕೆಯ ಗುರುತನ್ನು ಡೇಟಾ ಕಾರ್ಡಿನ ಸಂಪರ್ಕದ ಪುಟದಲ್ಲಿ ಹಾಕಬೇಕು. ನಾನು ಲ್ಯಾನ್ ತಂತಿಯ ಪುಟದಲ್ಲಿ ಹಾಕಿದ್ದೆ. ಇದ್ದವನ ಒಪ್ಪಿಗೆ ಬೇಕಾದ ಕಡೆ ಬೇಡುವವನ ಒಪ್ಪಿಗೆ ಪಡೆದಂತಾಗಿತ್ತು. ತಪ್ಪನ್ನು ತೋರಿಸಿಕೊಟ್ಟವನು ಮಗನೇ. ಸರಿಪಡಿಸಿದ ಕೂಡಲೆ ಗಣಕಯಂತ್ರವು ತಂತಿಯ ಕಡೆಗೆ 192.168.137.1 ಎಂಬ ವಿಳಾಸವನ್ನು ತಾನೇ ಧರಿಸಿತು. ಆಟದ ಯಂತ್ರದಲ್ಲಿ ಬೆಂಗಳೂರಿನ ಹಳೆಯ ವಿಳಾಸ ಕೈಯಿಂದ ಬರೆದದ್ದು ಹಾಗೆಯೇ ಉಳಿದಿತ್ತು; ಅದನ್ನಳಿಸಿ ಸ್ವಯಂಚಾಲಿತವೆಂದು ಬದಲಿಸಿದಾಗ ಅದಕ್ಕೂ ಅದೇ ಮನೆತನದ ಒಂದು ವಿಳಾಸ ದೊರೆಯಿತು. ದೂರದರ್ಶನದ ಪರದೆಯ ಮೇಲೆ ಸಂಪರ್ಕ ಸಿದ್ಧಿಸಿತೆಂಬ ಬರಹ ಮೂಡಿತು. ಆದರೆ ಅದರ ಜೊತೆಗೆ ಒಂದು ಎಚ್ಚರಿಕೆಯೂ ಇತ್ತು: 'ನ್ಯಾಟ್: ಸ್ಟ್ರಿಕ್ಟ್'. ಅಣ್ಣ ಬರೆದ ಸಂದೇಶಗಳು ಬರುತ್ತಿದ್ದವು. ಧ್ವನಿ ಮಾತ್ರ ಬರಲೊಲ್ಲದು.

ಈ 'ನ್ಯಾಟ್' ಏನೆಂದು ಅರಿಯಲು ನಾನು ನಾಲ್ಕು ರಾತ್ರಿ ಓದಿದೆ. ಅಂತರ್ಜಾಲದ ಮೂಲ ಏರ್ಪಾಡಿನಲ್ಲಿ ಪ್ರತಿಯೊಂದು ಯಂತ್ರಕ್ಕೂ 32 ದ್ವಿಮಾನ ಅಂಕಗಳ ಒಂದು ವಿಳಾಸ. ಅಂಥವು ಒಟ್ಟು 4,29,49,67,296 ಮಾತ್ರ ಸಾಧ್ಯ. ಭೂಮಿಯ ಜನಸಂಖ್ಯೆಗೇ ಸಾಲದ ಈ ವಿಳಾಸಗಳು ಮುಗಿದುಹೋಗುವುವೆಂಬುದನ್ನು ಮನಗಂಡ ತಂತ್ರಜ್ಞರು, ಮನೆಯೊಳಗಿನ ಹಲವು ಯಂತ್ರಗಳು ಹೊರಗೆ ಒಂದೇ ವಿಳಾಸದಿಂದ ವ್ಯವಹರಿಸುವ ಉಪಾಯವನ್ನು 1994ರಲ್ಲಿ ಪ್ರಕಟಿಸಿದರು. ಒಳಗಿನ ಯಂತ್ರ ಕಳುಹಿಸಿದ ಪ್ರತಿಯೊಂದು ಪೊಟ್ಟಣದ ಮೇಲಿನ ವಿಳಾಸವನ್ನು ನಡುವಿನ ಗಣಕ ಅಳಿಸಿ, ತನ್ನ ವಿಳಾಸವನ್ನೂ ಒಂದು ಗುರುತಿನ ಸಂಖ್ಯೆಯನ್ನೂ ಬರೆದು ಹೊರಗೆ ಕಳುಹಿಸುತ್ತದೆ. ಯಾರದು, ಎಲ್ಲಿಗೆ ಹೋಯಿತೆಂಬುದನ್ನು ತನ್ನ ಪಟ್ಟಿಯಲ್ಲಿ ದಾಖಲಿಸಿಕೊಳ್ಳುತ್ತದೆ. ಉತ್ತರ ಬಂದಾಗ ಪಟ್ಟಿಯನ್ನು ನೋಡಿ, ಕೇಳಿದವನಿಗೇ ತಲುಪಿಸುತ್ತದೆ. ಪಟ್ಟಿಯಲ್ಲಿಲ್ಲದ ಪೊಟ್ಟಣ, ಅಂದರೆ ಒಳಗಿನಿಂದ ಯಾರೂ ಕೇಳದೆ ಹೊರಗಿನಿಂದ ತಾನಾಗಿ ಬಂದದ್ದು, ಬಾಗಿಲಲ್ಲೇ ಬಿದ್ದುಹೋಗುತ್ತದೆ.

ಇದನ್ನೋದಿ ಕನ್ನಡಕ ತೆಗೆದಿಟ್ಟೆ. ಈ ಏರ್ಪಾಡನ್ನು ನಾನು ಮೊದಲೇ ಕಂಡಿದ್ದೆ.

1971ರಲ್ಲಿ ನಾನು ಈ ಶಾಲೆಯ ವಿದ್ಯಾರ್ಥಿನಿಲಯದಲ್ಲಿದ್ದೆ. ಅಷ್ಟೂ ಹುಡುಗರಿಗೆ ಅಂಚೆಯ ವಿಳಾಸ ಒಂದೇ. ಕಾರ್ಡು, ಅಂತರ್ದೇಶೀಯ ಪತ್ರಗಳನ್ನು ಕೊಡುತ್ತಿದ್ದವರು ನಿಲಯಪಾಲಕರು. ಯಾವ ಹುಡುಗ, ಯಾರಿಗೆ, ಯಾವ ದಿನ ಬರೆದನೆಂಬುದನ್ನು ಲೆಕ್ಕಕ್ಕಾಗಿ ಅವರು ಒಂದು ಕೆಂಪು ರಟ್ಟಿನ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ನಮ್ಮ ಹಳ್ಳಿಗಳ ಹಿರಿಯರು ಬೇರೆಯವರ ಕೈಯಿಂದ ಬರೆಸಿದ ಉತ್ತರಗಳ ಮೇಲೆ ಹುಡುಗನ ಹೆಸರು ಸರಿಯಾಗಿರುತ್ತಿರಲಿಲ್ಲ. ಆದರೂ ಊರಿನ ಮುದ್ರೆಯನ್ನು ಪುಸ್ತಕದೊಡನೆ ಹೋಲಿಸಿ ಅವರು ತಪ್ಪದೆ ತಲುಪಿಸುತ್ತಿದ್ದರು. ಆ ವರ್ಷ ಶ್ರಾವಣದಲ್ಲಿ, ನಾನೆಂದೂ ಪತ್ರ ಬರೆದಿರದ ನನ್ನ ಸೋದರಮಾವನಿಂದ ಒಂದು ಕಾರ್ಡು ಬಂತು. ಅದರ ಮೇಲಿದ್ದದ್ದು 'ಚಿರಂಜೀವಿ ತಮ್ಮಗೆ' ಎಂದಷ್ಟೇ. ಮನೆಯಲ್ಲಿ ನನ್ನನ್ನು ಕರೆಯುತ್ತಿದ್ದ ಆ ಹೆಸರು ಹಾಜರಿ ಪುಸ್ತಕದಲ್ಲಿರಲಿಲ್ಲ. ಮಾವನ ಊರು ಕೆಂಪು ಪುಸ್ತಕದಲ್ಲಿರಲಿಲ್ಲ. ಕಾರ್ಡು ಎಂಟು ದಿನ ಮೇಜಿನ ಖಾನೆಯಲ್ಲಿತ್ತು. ತಂದೆಗೆ ಲಕ್ವ ಹೊಡೆದಿದೆ, ಕೂಡಲೆ ಹೊರಟು ಬಾ ಎಂದು ಅದರಲ್ಲಿ ಬರೆದಿತ್ತು. ನಾನು ಊರು ಮುಟ್ಟಿದಾಗ ತಂದೆಯವರ ಮಾತು ನಿಂತುಹೋಗಿತ್ತು. ಕಣ್ಣಿನಿಂದಲೇ ಗುರುತಿಸಿದರು, ಮೂರನೆಯ ದಿನ ಹೋದರು. ನಿಲಯಪಾಲಕರು ನನ್ನ ಕೈ ಹಿಡಿದು ಅತ್ತದ್ದನ್ನು ನಾನು ಮರೆತಿಲ್ಲ. ಅವರದು ತಪ್ಪೆಂದು ನಾನು ಅಂದೂ ಭಾವಿಸಲಿಲ್ಲ, ಇಂದೂ ಭಾವಿಸುವುದಿಲ್ಲ. ಒಂದೇ ವಿಳಾಸದ ಮನೆಯ ಕೊರತೆ ಅದು.

ನಮ್ಮ ಗಣಕಯಂತ್ರ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು. ಡೇಟಾ ಕಾರ್ಡಿನ ಸಂಸ್ಥೆ ತಾನೂ ಸಾವಿರಾರು ಗಿರಾಕಿಗಳನ್ನು ಕೆಲವೇ ವಿಳಾಸಗಳ ಹಿಂದೆ ಕೂರಿಸಿತ್ತು. ಏಷ್ಯಾ-ಪೆಸಿಫಿಕ್ ವಲಯಕ್ಕೆ ಹಂಚಲಿದ್ದ ಹಳೆಯ ವಿಳಾಸಗಳು 2011ರ ಏಪ್ರಿಲಿನಲ್ಲಿ ಕೊನೆಯ ಕಂತಿಗೆ ಬಂದಿದ್ದವು. ಹೀಗೆ ಬಾಗಿಲ ಹಿಂದೆ ಇನ್ನೊಂದು ಬಾಗಿಲು. ಹೊರಗಿನ ಬಾಗಿಲು ನಮ್ಮ ಕೈಯಲ್ಲಿಲ್ಲ. ಬರಹದ ಸಂದೇಶಗಳು ಮೈಕ್ರೋಸಾಫ್ಟಿನ ಕೇಂದ್ರ ಗಣಕಗಳ ಮೂಲಕ ಹೋಗುವುದರಿಂದ ಅವಕ್ಕೆ ಅಡ್ಡಿಯಿರಲಿಲ್ಲ. ಧ್ವನಿಯಾದರೋ ಮನೆಯಿಂದ ಮನೆಗೆ ನೇರವಾಗಿ ಹೋಗಬೇಕು. ಎಕ್ಸ್‌ಬಾಕ್ಸ್ ಬಾಗಿಲುಗಳನ್ನು ಮೂರು ಬಗೆಯಾಗಿ ಎಣಿಸುತ್ತದೆ: ತೆರೆದದ್ದು, ಮಧ್ಯಮ, ಬಿಗಿಯಾದದ್ದು. ಬಿಗಿಯಾದ ಬಾಗಿಲಿನವನು ಮಧ್ಯಮದವನೊಡನೆಯೂ ಮಾತಾಡಲಾರ. ಪೂರ್ಣ ತೆರೆದವನೊಡನೆ ಮಾತ್ರ ಮಾತಾಡಬಲ್ಲ. ಅದಕ್ಕೂ ಒಂದು ನಿಯಮವುಂಟು: ಮೊದಲ ಕರೆ ಬಿಗಿಯಾದ ಬಾಗಿಲಿನ ಒಳಗಿನಿಂದಲೇ ಹೊರಡಬೇಕು. ಹೊರಗಿನವನು ಎಷ್ಟು ಸಲ ತಟ್ಟಿದರೂ ಕೇಳಿಸದು.

ಅಂದು ರಾತ್ರಿ ನಾನು ಹಿರಿಯ ಮಗನಿಗೆ ಒಂದು ಮಿಂಚಂಚೆ ಬರೆದೆ. ಎರಡು ವರ್ಷಗಳಲ್ಲಿ ಅವನಿಗೆ ನಾನು ಬರೆದ ಮೊದಲ ಪತ್ರ ಅದು. ಅದರಲ್ಲಿ ಕುಶಲಪ್ರಶ್ನೆಯಿರಲಿಲ್ಲ, ಆಶೀರ್ವಾದವೂ ಇರಲಿಲ್ಲ. 'ನಮ್ಮ ಕಡೆಯ ಬಾಗಿಲು ಬಿಗಿಯಾಗಿದೆ, ಅದನ್ನು ತೆರೆಯುವುದು ನನ್ನಿಂದಾಗದು. ನಿನ್ನ ಮನೆಯ ರೂಟರಿನಲ್ಲಿ ಯು.ಪಿ.ಎನ್.ಪಿ. ಎಂಬುದನ್ನು ಚಾಲನೆಗೊಳಿಸಿ, ನಿನ್ನ ಕಡೆ ಪೂರ್ಣ ತೆರೆದಿಡು. ಇಲ್ಲಿಂದ ನಾವೇ ಮೊದಲು ಕರೆಯುತ್ತೇವೆ' ಎಂದಷ್ಟೇ ಬರೆದಿದ್ದೆ. ಕಳುಹಿಸಿಯಾದ ಮೇಲೆ ಅದನ್ನು ಮತ್ತೊಮ್ಮೆ ಓದಿದೆ. ಬರೆದದ್ದು ಯಂತ್ರದ ವಿಷಯ ಮಾತ್ರವಲ್ಲವೆಂದು ಆಗ ತಿಳಿಯಿತು.

ಭಾನುವಾರ ರಾತ್ರಿ ಎಂಟೂವರೆಗೆ, ಅಂದರೆ ಟೆಕ್ಸಾಸಿನಲ್ಲಿ ಬೆಳಗಿನ ಹತ್ತಕ್ಕೆ, ಎಲ್ಲವನ್ನೂ ಸಿದ್ಧಪಡಿಸಿದೆವು. ಹಂಚುವ ಗಣಕಯಂತ್ರ ನಿದ್ರೆಗೆ ಜಾರಿದರೆ ಪಡೆಯುವ ಯಂತ್ರದ ಸಂಪರ್ಕವೂ ಹೋಗುತ್ತದೆ. ಆದ್ದರಿಂದ ಅದು ಮಲಗದಂತೆ ನಿಯಮಿಸಿದೆ. ವಿದ್ಯುತ್ತು ಹೋದರೆ ಇರಲೆಂದು ಇನ್ವರ್ಟರಿಗೆ ಜೋಡಿಸಿದೆ. ಕಿರಿಯ ಮಗ ಕರೆ ಕಳುಹಿಸಿದ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ದೂರದರ್ಶನದ ಪೆಟ್ಟಿಗೆಯೊಳಗಿಂದ ಹಿರಿಯವನ ಧ್ವನಿ ಬಂತು: 'ಕೇಳಸ್ತೈತೇನೋ?' ಅಡಿಗೆಮನೆಯಿಂದ ಅವನ ತಾಯಿ ಕೈ ಒರೆಸಿಕೊಳ್ಳುತ್ತ ಓಡಿಬಂದಳು. ಮಾತು ಹೋಗಿ ಬರಲು ಕಾಲು ಸೆಕೆಂಡಿಗೂ ಮೇಲೆ ಹಿಡಿಯುತ್ತಿತ್ತಾದ್ದರಿಂದ ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುತ್ತಿತ್ತು. ಆಟದಲ್ಲಿ ಕಿರಿಯವನ ಗುಂಡುಗಳೆಲ್ಲ ತಡವಾಗಿ ಹೋಗಿ ಅವನು ಸೋಲುತ್ತಲೇ ಇದ್ದ. ಯಾರಿಗೂ ಅದರ ಪರಿವೆಯಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಆ ಧ್ವನಿ ತಗ್ಗಿ ಕೇಳಿತು: 'ಅಪ್ಪಾಜಿ ಅದಾರೇನೋ ಅಲ್ಲೆ?'

ನಾನು ಗಣಕಯಂತ್ರದ ಪಕ್ಕದ ಕುರ್ಚಿಯಲ್ಲಿ, ತಂತಿ ಸಡಿಲಾಗದಂತೆ ಕೈಯಿಟ್ಟು ಕುಳಿತಿದ್ದೆ. ಮಗ ಮೈಕನ್ನು ನನ್ನ ಕಡೆ ಚಾಚಿದ. 'ಅದೀನಿ' ಎಂದೆ. ಅನಂತರ, ಎರಡು ವರ್ಷ ಕೇಳದೆ ಇಟ್ಟುಕೊಂಡಿದ್ದುದನ್ನು ಕೇಳಿದೆ: 'ಉಣ್ಣಾಕ ಏನ್ ಮಾಡ್ಕೋತೀಯೋ ಅಲ್ಲೆ?' ಜೋಳದ ಹಿಟ್ಟು ದೊರೆಯುತ್ತದೆಯೆಂದೂ, ರೊಟ್ಟಿ ಬಡಿಯಲು ಬಾರದೆಂದೂ ಅವನು ಹೇಳಿದ. ಆ ರಾತ್ರಿ ಮಾತು ಹನ್ನೊಂದರವರೆಗೆ ನಡೆಯಿತು.

ಇಂದು ಇವೆಲ್ಲ ಹಳೆಯ ಮಾತು. ಆ ಆಟದ ಯಂತ್ರದ ಅಂತರ್ಜಾಲ ಅಂಗಡಿ 2024ರ ಜುಲೈನಲ್ಲಿ ಮುಚ್ಚಿತು. ಜೇಬಿನ ಮೊಬೈಲೇ ಈಗ ನಿಸ್ತಂತುವಾಗಿ ಹತ್ತಾರು ಯಂತ್ರಗಳಿಗೆ ಸಂಪರ್ಕವನ್ನು ಹಂಚುತ್ತದೆ. 128 ದ್ವಿಮಾನ ಅಂಕಗಳ ಹೊಸ ವಿಳಾಸಗಳು ಬಂದು ಹಳೆಯ ಕೊರತೆಯೂ ನೀಗುತ್ತಿದೆ. ಹಿರಿಯ ಮಗ ಅಲ್ಲಿಯೇ ನೆಲೆಸಿದ್ದಾನೆ. ಎರಡು ವರ್ಷಕ್ಕೊಮ್ಮೆ ಬರುತ್ತಾನೆ. ಬಸ್ ನಿಲ್ದಾಣಕ್ಕೆ ನಾನೇ ಹೋಗುತ್ತೇನೆ.

ಈ ಸಂಚಿಕೆಯನ್ನೋದುವ ಶಿಕ್ಷಕ ಬಂಧುಗಳಲ್ಲಿ ಒಂದು ಅರಿಕೆ. ನಮ್ಮ ವೃತ್ತಿಯಲ್ಲಿ ಬಿಗಿ ಬೇಕಾಗುತ್ತದೆ. ಅದು ಮನೆಗೂ ಬಂದುಬಿಡುತ್ತದೆ. ಬಿಗಿಯಾದ ಬಾಗಿಲಿನವರು ಮೊದಲು ಕರೆಯಬೇಕೆಂಬುದನ್ನು ನಾನು ಐವತ್ತನಾಲ್ಕನೆಯ ವಯಸ್ಸಿನಲ್ಲಿ ಹದಿನಾರರ ಹುಡುಗನ ಪಕ್ಕ ಕುಳಿತು ಕಲಿತೆ. ನೀವು ಅಷ್ಟು ತಡಮಾಡದಿರಿ. ನಮ್ಮ ಪತ್ರಗಳನ್ನು ಕೆಂಪು ಪುಸ್ತಕ ನೋಡಿ ಹಂಚುತ್ತಿದ್ದ ಆ ನಿಲಯಪಾಲಕರ ನೆನಪಿಗೆ ಈ ಕಿರುಬರಹವನ್ನು ಅರ್ಪಿಸುತ್ತೇನೆ.